ಕಣ್ಣು ಬಿಟ್ಟಾಗ ಪಕ್ಕದಲ್ಲಿ

ಫೆಬ್ರವರಿ 9, ಸೋಮವಾರ

ಪ್ರೀತಿಯ ಚಿಕ್ಕಮ್ಮನಿಗೆ,

ನಿಮ್ಮ ಹುಡುಗಿಯ ನಮಸ್ಕಾರ. ಬರೆಯೋಣ ಬರೆಯೋಣ ಅಂತಲೇ ಇಷ್ಟು ದಿನ ಆಗಿಹೋಯಿತು, ಬೇಜಾರು ಮಾಡಿಕೊಳ್ಳಬೇಡಿ. ಮನೆಯ ವಿಳಾಸಕ್ಕೆ ಬೇಡ ಅಂದಿದ್ದಿರಲ್ಲ, ಅದಕ್ಕೇ ನಿಮ್ಮ ಹೊಲಿಗೆ ಅಂಗಡಿಗೆ ಹಾಕುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಈಗ ನನ್ನನ್ನು ಎಚ್ಚರವಾಗುವ ಕೋಣೆಯ ಕೆಲಸಕ್ಕೆ ಹಾಕಿದ್ದಾರೆ. ಬೆಳಿಗ್ಗೆ ಸಣ್ಣ ಆಪರೇಷನ್ ಮಾಡಿಸಿಕೊಂಡು ಸಂಜೆ ಮನೆಗೆ ಹೋಗುವವರು ಇಲ್ಲಿ ಕಣ್ಣು ಬಿಡುತ್ತಾರೆ. ಅರಿವಳಿಕೆ ಕೊಡುವ ಡಾಕ್ಟರಮ್ಮ ಎರಡು ಜೋಡಿ ಮದ್ದುಗಳನ್ನು ಹೋಲಿಸಿ ನೋಡುತ್ತಿದ್ದಾರೆ. ಹಾಲಿನಂಥ ಬಿಳಿ ಮದ್ದು ಎಲ್ಲರಿಗೂ ಒಂದೇ, ಅದರ ಜೊತೆಗೆ ಕೊಡುವುದು ಬೇರೆ ಬೇರೆ. ಯಾರಿಗೆ ಯಾವುದು ಅಂತ ಚೀಟಿ ಎತ್ತುತ್ತಾರೆ. ರೋಗಿಗೂ ಹೇಳುವುದಿಲ್ಲ, ನನಗೂ ಹೇಳುವುದಿಲ್ಲ. ಯಾರು ಬೇಗ ಎದ್ದರು, ಯಾರಿಗೆ ವಾಂತಿ ಬಂತು, ಯಾರು ತಮ್ಮ ಹೆಸರು ಸರಿಯಾಗಿ ಹೇಳಿದರು ಅಂತ ನಾನು ಪಕ್ಕದಲ್ಲಿ ಕೂತು ನೋಡಿ ನರ್ಸಕ್ಕನಿಗೆ ಹೇಳಬೇಕು.

ಕೆಲವರು ತೆಪ್ಪಗೆ ಏಳುತ್ತಾರೆ. ಕೆಲವರು ಮಾತಾಡುತ್ತಲೇ ಏಳುತ್ತಾರೆ, ಎರಡರಲ್ಲಿ ಒಂದು ಮದ್ದು ಮಾತಾಡಿಸುತ್ತದೆ ಅಂತ ನನ್ನ ಗುಮಾನಿ. ಮೊನ್ನೆ ಒಬ್ಬ ಲಾರಿ ಡ್ರೈವರು, ಮೀಸೆ ನೋಡಿದರೇ ಭಯ ಆಗಬೇಕು, ಕಣ್ಣು ಮುಚ್ಚಿಕೊಂಡೇ ಹೆಂಡತಿಗೆ, “ನಿಮ್ಮಮ್ಮ ಬರೋದಾದ್ರೆ ನಾನು ಲಾರೀಲೇ ಮಲಗ್ತೀನಿ ಕಣೇ” ಅಂದ. ಆಕೆ, “ಇನ್ನೊಂದು ಸೂಜಿ ಚುಚ್ಚಿ ಮೇಡಂ, ಒಳಗಿರೋದೆಲ್ಲ ಒಂದೇ ಸಲ ಬಂದ್ಬಿಡ್ಲಿ!” ಅಂದಳು. ನಕ್ಕು ನಕ್ಕು ಸಾಕಾಯಿತು.

ಈಗ ನನ್ನ ವಿಷಯ. ತೋಳಿನ ಕೆಳಗೆ ಒಂದು ಗಂಟು ಎದ್ದಿದೆ. ಗಾಬರಿ ಬೇಡ, ಸಣ್ಣದು. ಗುರುವಾರ ತೆಗೆಯುತ್ತಾರೆ. ನಾನೂ ಚೀಟಿಗೆ ಒಪ್ಪಿದ್ದೇನೆ. ಮನೆಗೆ ಕರೆದುಕೊಂಡು ಹೋಗಲು ಜೊತೆಗೊಬ್ಬರು ಇರಲೇಬೇಕಂತೆ. ನರ್ಸಕ್ಕ, “ನಾನೇ ಬರ್ತೀನಿ ಬಿಡೇ” ಅಂದರು. ನಾನು, “ಬೇಡಕ್ಕ, ಚಿಕ್ಕಮ್ಮ ಬರ್ತಾರೆ” ಅಂದುಬಿಟ್ಟೆ. ಬರುತ್ತೀರಾ?

ಚಿಕ್ಕಪ್ಪನವರಿಗೆ ನಮಸ್ಕಾರ ತಿಳಿಸಿ. ಪುಟ್ಟನ ಕೆನ್ನೆ ಹಿಂಡಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ಇಂತಿ,
ನಿಮ್ಮ ಅಕ್ಕನ ಮಗಳು

ತಾ.ಕ.: ಅಮ್ಮಾ, ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ. ಓದಿ ಹರಿದುಬಿಡು. ಎರಡನೇ ಮದುವೆಯಾಗಿ ಆ ಮನೆಗೆ ಹೋಗುವಾಗ ನನ್ನನ್ನು ಅಕ್ಕನ ಮಗಳು ಅಂತ ಯಾಕೆ ಹೇಳಿದೆ ಅಂತ ನನಗೆ ಗೊತ್ತು, ಕೋಪವಿಲ್ಲ. ಇವತ್ತಿನವರೆಗೆ ಒಂದು ದಿನವೂ ನಾನು ಬಾಯಿ ತಪ್ಪಿಲ್ಲ. ಆದರೆ ಆ ಮಾತಾಡಿಸುವ ಮದ್ದು ನನಗೆ ಬಂದರೆ? ನಿಜ ಹೇಳಲಾ, ಅದೇ ಬರಲಿ ಅಂತ ಆಸೆ. ಚಿಕ್ಕಪ್ಪ ಜೊತೆಗೆ ಬಂದರೂ ಹೆದರಬೇಡ. ಇಲ್ಲಿ ಹಲ್ಲಿಲ್ಲದ ಮುದುಕರೂ ‘ಅಮ್ಮಾ’ ಅಂತಲೇ ಏಳುವುದು, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೀನು ಮಾತ್ರ, ಮೆಲ್ಲಗೆ, ‘ಓ’ ಅನ್ನು.