ಗಾಳಿಹಣದ ಓರಗಿತ್ತಿಯರು

ಅಧಿಕ ಆಷಾಢದ ನಲವತ್ತೊಂದನೆಯ ದಿನ, ಇಸವಿ ೨೩೮೧
ಕನಕಗಿರಿ ಮೋಡಕಟ್ಟೆ

ಹಿಂದಿನ ಕಾಲದ ಹಿರಿಯರಿಗೆ ಶರಣು.

ಈ ಕತೆಯನ್ನು ಮೊದಲು ಹೇಳಿದವಳು ನಮ್ಮ ಕಟ್ಟೆಯಲ್ಲಿ ಸರಕು ತೂಗುವ ಹೊನ್ನವ್ವ. ಹೇಳಿದ್ದು ಹೋದ ವರ್ಷ, ಅಂಜೂರದ ಮೊದಲ ಕೊಯ್ಲಿನ ಸಂಜೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ತಿಂಗಳುಗಳಲ್ಲಿ ಇಷ್ಟೊಂದು ದಿನಗಳಿರಲಿಲ್ಲವೆಂದು ಬಲ್ಲೆ.

ಮೋಡಕಟ್ಟೆಯೆಂದರೆ ತೇಲುಗಾಡಿಗಳನ್ನು ಹಗ್ಗದಿಂದ ಬಿಗಿಯುವ ಕಲ್ಲುಗೋಪುರ. ತೇಲುಗಾಡಿಯೆಂದರೆ ಹಗುರ ಅನಿಲದ ಚೀಲಕ್ಕೆ ನೇತುಬಿಟ್ಟ ಸರಕಿನ ತೊಟ್ಟಿಲು. ನಿಮ್ಮ ವಿಮಾನದ ಮರಿಮಗಳು, ಆದರೆ ಗದ್ದಲ ಮಾಡದವಳು. ಬೆಳಿಗ್ಗೆ ಅದರ ನೆರಳು ಹೊಲದ ಮೇಲೆ ಸರಿದರೆ ಕೋಳಿಗಳು ಹದ್ದೆಂದು ತಿಳಿದು ಬೇಲಿಯೊಳಗೆ ನುಗ್ಗುತ್ತವೆ. ನಾವು ಹೊತ್ತು ಹುಟ್ಟುವ ಮೊದಲೇ ಅಂಜೂರ ಕಿತ್ತು, ಮುತ್ತುಗದ ಎಲೆ ಹಾಸಿದ ಬುಟ್ಟಿಗೆ ತುಂಬುತ್ತೇವೆ. ಸಂಜೆಯೊಳಗೆ ಅದು ಕಡಲತಡಿ ಮುಟ್ಟದಿದ್ದರೆ ಕೊಳೆತು ನೊಣದ ಪಾಲು. ನಿಮ್ಮ ಆಕಾಶದಲ್ಲಿ ಸರಕು ಹೊರುವವರು ನೂರಾರು ಮಂದಿ ಇದ್ದರಂತೆ, ಒಬ್ಬರ ದರ ಹಿಡಿಸದಿದ್ದರೆ ಇನ್ನೊಬ್ಬರ ಬಳಿಗೆ ಹೋಗಬಹುದಿತ್ತಂತೆ. ಅದನ್ನು ನೆನೆದರೆ ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯುತ್ತದೆ.

ಹೊನ್ನವ್ವನ ಅಜ್ಜಿಯ ಕಾಲದಲ್ಲಿ ಇಲ್ಲಿದ್ದವು ಎರಡೇ ಗಾಡಿಗಳು. ಒಂದು ಹಂಪವ್ವನದು, ಇನ್ನೊಂದು ಅವಳ ಓರಗಿತ್ತಿ ನಿಂಬೆವ್ವನದು. ಒಬ್ಬಳು ಗಾಡಿಯ ಮೂತಿಗೆ ಅರಿಶಿನ ಬಣ್ಣ ಬಳಿದರೆ ಮಧ್ಯಾಹ್ನದೊಳಗೆ ಇನ್ನೊಬ್ಬಳು ಕುಂಕುಮ ಬಣ್ಣ ಬಳಿಯುವಳು. ಇಂಥವರು ಒಂದಾಗುವುದುಂಟೇ ಎಂದು ಊರು ನಂಬಿತ್ತು. ಆದರೆ ಒಂದಾಗಿದ್ದರು. ಎದುರುಗಾಳಿ ಬೀಸಿದಾಗ ಮಾತ್ರ ತೆಗೆದುಕೊಳ್ಳಬೇಕಾದ ಗಾಳಿಹಣವನ್ನು ಎಲೆ ಅಲುಗದ ದಿನವೂ ಇಬ್ಬರೂ ಒಂದೇ ಸಮ ವಸೂಲಿ ಮಾಡುತ್ತಿದ್ದರು.

ಪೈಪೋಟಿಯವರು ಒಳಗೊಳಗೆ ದರ ಕಟ್ಟಿದರೆ ನಮ್ಮಲ್ಲಿ ಶಿಕ್ಷೆ ನೆಲಗಟ್ಟು. ಚೀಲದ ಅನಿಲ ಬಿಟ್ಟು, ಗಾಡಿಯನ್ನು ಹನ್ನೆರಡು ವರ್ಷ ಬಯಲಲ್ಲಿ ಗೂಟಕ್ಕೆ ಕಟ್ಟುತ್ತಾರೆ. ಮೊದಲು ಬಂದು ತಪ್ಪೊಪ್ಪಿದವರಿಗೆ ಮಾತ್ರ ಮಾಫಿ. ಗಾಡಿ ಹೋದರೆ ಹಂಪವ್ವನಿಗೆ ಬೇರೆ ಬದುಕಿರಲಿಲ್ಲ. ಒಂದು ದಿನ ಊಟಕ್ಕೆ ಕೂತವಳ ಕಣ್ಣಿಗೆ ಹೊಸ ಸೀರೆಯುಟ್ಟು ಊರಿನ ನ್ಯಾಯ ಹೇಳುವ ದ್ಯಾಮಣ್ಣನ ಓಣಿ ಹಿಡಿದ ನಿಂಬೆವ್ವ ಬಿದ್ದಳು. ಅವಳು ಹೊರಟದ್ದು ಬಳೆ ಇಡಿಸಿಕೊಳ್ಳಲು, ಹಂಪವ್ವ ತಿಳಿದದ್ದು ತಪ್ಪೊಪ್ಪಲು. ಹಂಪವ್ವ ಎಂಜಲುಗೈಯಲ್ಲೇ ಓಡಿದಳು. ಅವಳು ಓಡಿದ್ದು ಕಂಡು ನಿಂಬೆವ್ವನೂ ಓಡಿದಳು. ಇಬ್ಬರೂ ದ್ಯಾಮಣ್ಣನ ಬಾಗಿಲಲ್ಲಿ ಒಟ್ಟಿಗೇ ಸಿಕ್ಕಿಕೊಂಡರು.

"ಯಜಮಾನ್ರ, ಮೊದಲ ನಂದು ಕೇಳ್ರಿ. ಗಾಳಿಹಣ ಸುಳ್ಳೈತ್ರಿ," ಎಂದಳು ಹಂಪವ್ವ.

"ಇಕಿಗಿಂತ ಮೊದಲ ನನ್ನ ಕಾಲು ಹೊಸ್ತಿಲಾ ದಾಟೇತ್ರಿ. ಇಬ್ರೂ ಕೂಡೇ ಕಟ್ಟಿದ್ದು."

ದ್ಯಾಮಣ್ಣ ಎಲೆಯಡಿಕೆ ಬದಿಗಿಟ್ಟ. "ಊಟಾ ಆತೇನವಾ ಅಂತ ಕೇಳಾಕ ಬಾಯಿ ತಗದಿದ್ನೆಲ್ಲ. ದರಾನೂ ಒಂದ ಮಾಡಿದ್ರಿ, ತಪ್ಪೊಪ್ಪೂದೂ ಒಂದ ಮಾಡ್ಕೊಂಡು ಬಂದ್ರೇನು?"

ಇಬ್ಬರನ್ನೂ ನೆಲಗಟ್ಟಿದರೆ ಅಂಜೂರ ಕೊಳೆಯುತ್ತದೆ. ಅದಕ್ಕೆ ಅವನು ಬೇರೆ ಶಿಕ್ಷೆ ಕೊಟ್ಟ. ಮೂರು ವರ್ಷ ಸರಕು ದಿನಕ್ಕೊಬ್ಬರ ಪಾಳಿ. ಹಂಪವ್ವನ ದರ ನಿಂಬೆವ್ವ ಹೇಳಬೇಕು, ನಿಂಬೆವ್ವನ ದರ ಹಂಪವ್ವ.

"ಕಳ್ಳರ ಕೈಯಾಗ ಕೀಲಿ ಕೊಟ್ರೆಲ್ರಿ," ಎಂದರು ಬೆಳೆಗಾರರು.

"ಅವರ ಹೊಟ್ಟ್ಯಾಗ ಕಾವಲುಗಾರ ಅದಾನ. ಸುಮ್ನ ನೋಡ್ರಿ," ಎಂದ ದ್ಯಾಮಣ್ಣ.

ಮೊದಲ ದಿನ ಹಂಪವ್ವನ ಪಾಳಿ. ಹಳೆಯ ದರವನ್ನೇ ಹೇಳೋಣವೆಂದು ನಿಂಬೆವ್ವ ಬಾಯಿ ತೆರೆದಳು. ಅಷ್ಟರಲ್ಲಿ ಹಂಪವ್ವನ ಗಾಡಿಗೆ ಹೊಸದಾಗಿ ಕಟ್ಟಿದ್ದ ಹಿತ್ತಾಳೆ ಗೆಜ್ಜೆ ಘಲ್ಲೆಂದಿತು. "ಹಳೇ ದರದಾಗ ಮುಕ್ಕಾಲು," ಎಂದುಬಿಟ್ಟಳು ನಿಂಬೆವ್ವ. ಮರುದಿನ ನಿಂಬೆವ್ವನ ಪಾಳಿಗೆ ಹಂಪವ್ವ, "ಅರ್ಧ," ಎಂದಳು.

"ಏ ನಿಂಬಿ, ಹುಚ್ಚು ಹಿಡದೈತೇನ? ನೀ ನಂದು ಏರಸು, ನಾ ನಿಂದು ಏರಸ್ತೀನಿ."

"ಹೂಂ ಅಕ್ಕಾ, ಹಂಗ ಮಾಡೂಣು. ಮೊದಲ ನೀನ ಏರಸು."

"ಸಣ್ಣಾಕಿ, ನೀನ ಮೊದಲು."

ಯಾರೂ ಮೊದಲಾಗಲಿಲ್ಲ. ಅಂಜೂರ ಹಿಂದೆಂದೂ ಕಾಣದಷ್ಟು ಅಗ್ಗವಾಗಿ ಕಡಲು ಮುಟ್ಟಿತು. ಎರಡನೆಯ ವರ್ಷ ಹಂಪವ್ವನ ಚೀಲ ಹರಿಯಿತು. ಹೊಸ ಬಟ್ಟೆ ಕೊಳ್ಳಲಾರದೆ ಮದುವೆಯ ಇಳಕಲ್ ಸೀರೆ ಕತ್ತರಿಸಿ ತೇಪೆ ಹಾಕಿದಳು. ಅಂಥ ಸೀರೆ ಅತ್ತೆ ತನಗೆ ಕೊಡಲಿಲ್ಲವೆಂದು ನಿಂಬೆವ್ವ ಆ ತೇಪೆಗೂ ಕರುಬಿದಳಂತೆ. ಆ ವಾರ ಹಂಪವ್ವನ ದರವನ್ನು ಇನ್ನೂ ಕಾಲುಭಾಗ ಇಳಿಸಿದಳು. ಮೂರು ವರ್ಷ ತುಂಬಿದಾಗ ಗಾಡಿಗಳು ಇನ್ನೂ ಹಾರುತ್ತಿದ್ದವು. ಹಂಪವ್ವ ಗೋಪುರ ಹತ್ತಿ, ತನ್ನ ದರವನ್ನು ತಾನೇ ಕೂಗಿದಳು. ಗಾಳಿಹಣದ ಮಾತೆತ್ತಲಿಲ್ಲ.

ಹಿರಿಯರೇ, ನಿಮ್ಮ ಕಾಲದಲ್ಲಿ ವಿಮಾನದಲ್ಲಿ ಸರಕು ಹೊರುವ ಸಾಹುಕಾರರೂ ಹೀಗೆ ಒಳಗೊಳಗೆ ಕೂಡಿ ದಂಡ ತೆತ್ತರೆಂದು ಕೇಳಿದ್ದೇವೆ. ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ಹತ್ತು ಬಾಯಿಗಳು ಒಂದೇ ದರ ಹೇಳಿದ ದಿನ ಸುಮ್ಮನೆ ಕೊಟ್ಟು ಬರಬೇಡಿ, ಏಕೆಂದು ಕೇಳಿ. ಪರಸ್ಪರ ಕರುಬುವ ವ್ಯಾಪಾರಿಗಳು ನಿಮ್ಮ ಪುಣ್ಯ. ಅವರನ್ನು ನೆಂಟರಾಗಲು ಬಿಡಬೇಡಿ.

ಹೊನ್ನವ್ವ ಕತೆ ಮುಗಿಸಿದ ಸಂಜೆ ಕೇಳುತ್ತ ಕೂತವರಲ್ಲಿ ಈಗಿನ ನಾಲ್ಕು ಗಾಡಿಗಳ ಒಡೆಯರೂ ಇದ್ದರು. ಆ ವಾರ ನಾಲ್ವರ ಹಲಗೆಯಲ್ಲೂ ಒಂದೇ ದರ ಇತ್ತು. ಮರುದಿನ ಬೆಳಿಗ್ಗೆ ನಾವು ಬುಟ್ಟಿ ಹೊತ್ತು ಹೋದಾಗ ನಾಲ್ಕು ಹಲಗೆಗಳಲ್ಲಿ ನಾಲ್ಕು ದರಗಳಿದ್ದವು. ಒಬ್ಬೊಬ್ಬರೂ ಹಲ್ಲುಜ್ಜುವ ನೆಪದಲ್ಲಿ ಪಕ್ಕದವನ ಹಲಗೆಯವರೆಗೆ ನಡೆದುಹೋಗಿ, ಓದಿ, ಹಿಂದಿರುಗಿ ಒದ್ದೆಗೈಯಿಂದ ತಮ್ಮದನ್ನು ಒರೆಸಿ, ಇಳಿಸಿ ಬರೆಯುತ್ತಿದ್ದರು. ನಾವು ಬುಟ್ಟಿ ಇಳಿಸದೆ, ಇನ್ನೂ ಸ್ವಲ್ಪ ಹೊತ್ತು ಕಾದೆವು.