ಮಾಳಮ್ಮನ ಬಳಿ ಇದ್ದ ಗುಪ್ತಕೀಲಿ

೧೨ ಫೆಬ್ರವರಿ, ಬುಧವಾರ. ನಾರಾಯಣಖೇಡ್.

ಬೆಳಿಗ್ಗೆ ಕುರಿ ಸಂಘದ ಕಂಪ್ಯೂಟರ್ ಕೆಟ್ಟಿತು. ಬ್ಯಾಕಪ್ ತೆರೆಯುವ ಗುಪ್ತಕೀಲಿ, ಅಂದರೆ ಉದ್ದನೆಯ ಪಾಸ್‌ವರ್ಡ್, ಅದರಲ್ಲೇ ಇತ್ತು. ಹನ್ನೊಂದು ವರ್ಷದ ಲಸಿಕೆ, ತಳಿಯ ದಾಖಲೆಗಳು ಬೇರೆ ಡಿಸ್ಕಿನಲ್ಲಿವೆ. ಒಂದೇ ಮಾಹಿತಿ ಎರಡು ಸಲ ಉಳಿಯದಂತೆ ಎಲ್ಲವನ್ನೂ ಒಟ್ಟುಗೂಡಿಸಿ, ಒಂದೇ ಕೀಲಿಯಿಂದ ಭದ್ರ ಮಾಡಿದವಳು ನಾನೇ. ಅದಿಲ್ಲದೆ ಏನೂ ತೆರೆಯದು.

ಹೋದ ವರ್ಷ ಅದನ್ನು ಕಾಗದದಲ್ಲಿ ಬರೆದು ಕಲ್ಹೇರ್‌ನಲ್ಲಿರುವ ಅಧ್ಯಕ್ಷೆ ಮಾಳಮ್ಮನಿಗೆ ಕೊಟ್ಟಿದ್ದೆ. ಹೆದರುತ್ತಲೇ ಫೋನ್ ಮಾಡಿದೆ.

“ಚೀಟಿ ಅದ, ಭವಾನಿ. ನನಗ ಓದಾಕ ಬರಲ್ಲ, ಮತ್ತೊಬ್ಬರಿಗಿ ತೋರ್ಸಿಲ್ಲ. ಫೋಟೋ ತೆಗ್ಸಿ ಕಳಿಸ್ಲೇನು?”

“ಬ್ಯಾಡ್ರಿ ಅಮ್ಮ, ಫೋಟೋ ಬ್ಯಾರೆಯವರ ಕೈಗೆ ಸಿಕ್ಕೀತು. ನಾನೇ ಬರ್ತೀನಿ.”

ಡಿಸ್ಕು, ಲ್ಯಾಪ್‌ಟಾಪ್ ಹಿಡಿದು ಆಟೋ ಹತ್ತಿದೆ. ಅವರ ಮನೆಯಲ್ಲಿ ಕೂತು ಅರವತ್ತನಾಲ್ಕು ಅಕ್ಷರಗಳನ್ನು ಒಂದೊಂದಾಗಿ ಒತ್ತಿದೆ. ಪಟ್ಟಿ ತೆರೆದುಕೊಂಡಾಗ ಕಣ್ಣು ತುಂಬಿತು.

ಮಾಳಮ್ಮ ಪರದೆಗೆ ಬಾಗಿ, “ಇದರಾಗ ನನ್ನ ಕರಿ ಕುರಿ ಎಲ್ಲಿ ಅದ?” ಎಂದರು. ಹುಡುಕಿ ತೋರಿಸಿದೆ. ಬೆರಳಿಟ್ಟು ಬಹಳ ಹೊತ್ತು ನೋಡಿದರು.

ನಾಳೆ ಕೀಲಿಯ ಇನ್ನೆರಡು ಪ್ರತಿ ಬರೆಯಬೇಕು. ಈಗ ಕಣ್ಣು ಎಳೆಯುತ್ತಿದೆ, ಆದರೂ ಮನಸ್ಸು ಹಗುರಾಗಿದೆ.