ನಲವತ್ತು ನಿಮಿಷದ ದಾರಿ, ಒಂದು ಬಾಟಲಿ ನೀರು

ಬಸ್ಸುಗಳ ವೇಳಾಪಟ್ಟಿ ಬರೆಯುವ ಮಾನ್ಯ ಅಧಿಕಾರಿಗಳೇ,

ತಾವು ನನ್ನ ಬಸ್ಸಿನ ಚಾಲಕರಿಗೆ ಮೋಸ ಮಾಡಿದ್ದೀರಿ. ಇದನ್ನು ಮುಖತಃ ಹೇಳಲು ಮೂರು ಸಲ ಕಚೇರಿಗೆ ಬಂದೆ. ಮೂರು ಸಲವೂ ತಾವು ಸಭೆಯಲ್ಲಿದ್ದಿರಿ. ಹಾಗಾಗಿ ಈಗ ಊರೆಲ್ಲ ಓದುವ ಹಾಗೆ ಹೇಳುತ್ತಿದ್ದೇನೆ.

ಕಳೆದ ತಿಂಗಳು ನಮ್ಮ ವಾರದ ರಜೆಯ ದಿನವೇ ತಾವು ಒತ್ತಡ ನಿವಾರಣಾ ಶಿಬಿರ ಇಟ್ಟಿರಿ. ರಜೆ ಕಿತ್ತುಕೊಂಡು ನೆಮ್ಮದಿ ಹಂಚುವ ಜಾಣ್ಮೆಗೆ ಕೈಮುಗಿಯಬೇಕು. ಒತ್ತಡದ ಕಾರಣಗಳನ್ನು ಪರದೆಯ ಮೇಲೆ ತೋರಿಸಿದಿರಿ: ಮನೆ ಜಗಳ, ಮೊಬೈಲು, ನಿದ್ದೆಗೇಡು, ಅತಿಯಾದ ಯೋಚನೆ. ಕೆಲಸ ಎಂಬ ಪದ ಎಲ್ಲಾದರೂ ಇಣುಕೀತೇ ಎಂದು ಕೊನೆಯವರೆಗೂ ಕಾದೆ, ಇಣುಕಲಿಲ್ಲ. ಎದೆ ಹೊಡೆದುಕೊಂಡರೆ ಮೂಗು ಹಿಡಿದು ನಿಧಾನವಾಗಿ ಉಸಿರಾಡಿ ಎಂದಿರಿ. ಸ್ಟೇರಿಂಗ್ ಹಿಡಿದವನು ಮೂಗು ಹಿಡಿಯಲು ಮೂರನೇ ಕೈ ಎಲ್ಲಿಂದ ತರಬೇಕು? ಆಮೇಲೆ ಪ್ರಶ್ನೆಗಳಿದ್ದ ಒಂದೊಂದು ಹಾಳೆ ಹಂಚಿ, ಮನಸ್ಸು ಬಿಚ್ಚಿ ಬರೆಯಿರಿ, ಇದು ಯಾರ ಕೈಗೂ ಹೋಗುವುದಿಲ್ಲ ಎಂದು ಮಾತು ಕೊಟ್ಟಿರಿ.

ನಮ್ಮ ಚಾಲಕರನ್ನು ಡಿಪೋದಲ್ಲಿ ಎಲ್ಲರೂ ಗಡಿಯಾರದಣ್ಣ ಎನ್ನುತ್ತಾರೆ. ಹನ್ನೊಂದು ವರ್ಷ ಒಂದೇ ದಾರಿಯಲ್ಲಿ ಅವರು ಬಸ್ಸು ಓಡಿಸಿದ್ದಾರೆ, ನಾನು ಟಿಕೆಟ್ ಹರಿದಿದ್ದೇನೆ. ಹಾಳೆಯನ್ನು ಅವರು ಮಡಚಿ ಜೇಬಿಗಿಟ್ಟಿದ್ದರು. "ಬರೀರಣ್ಣ, ಒಳಗೇ ಇಟ್ಕೊಂಡ್ರೆ ನಿಮಗೇ ತೊಂದರೆ" ಎಂದು ಪೆನ್ಸಿಲು ಕೈಗಿತ್ತವಳು ನಾನು.

ಉಳಿದವರು ಸ್ವಲ್ಪ ತಲೆನೋವು ಎಂದು ಗೀಚಿ ಚಹಾಕ್ಕೆ ಎದ್ದರು. ಅಣ್ಣನಿಗೆ ಗೊತ್ತಿರುವ ಹಾಳೆ ಒಂದೇ, ಟ್ರಿಪ್ ಶೀಟು. ಅದನ್ನು ತುಂಬುವ ಹಾಗೆಯೇ ಇದನ್ನೂ ನಿಲ್ದಾಣ, ಗಂಟೆ, ನಿಮಿಷ ಹಾಕಿ ತುಂಬಿದರು. ಒತ್ತಡ ಯಾವಾಗ ಶುರುವಾಗುತ್ತದೆ? ಮಾರುಕಟ್ಟೆ ಸಿಗ್ನಲ್, ಎಂಟು ಹದಿನೇಳು. ಲಕ್ಷಣಗಳು? ಆಸ್ಪತ್ರೆ ತಿರುವು, ಎಂಟು ಇಪ್ಪತ್ತೊಂಬತ್ತು, ಎದೆ ಬಿಗಿತ. ಶಾಲೆ ಗೇಟು, ಎಂಟು ಮೂವತ್ತೇಳು, ಅಂಗೈ ಬೆವರು. ನೀವೇ ಕಂಡುಕೊಂಡ ಪರಿಹಾರ? ಬೆಳಗ್ಗೆಯಿಂದ ನೀರು ಕುಡಿಯುವುದಿಲ್ಲ, ಕೊನೆಯ ನಿಲ್ದಾಣದಲ್ಲಿ ಇಳಿದು ಶೌಚಕ್ಕೆ ಹೋಗಿಬರಲು ಸಮಯವಿಲ್ಲ.

ಎಂಟೇ ದಿನಕ್ಕೆ ಆ ಹಾಳೆ ತಮ್ಮ ಮೇಜಿನ ಮೇಲಿತ್ತು. ಅದಕ್ಕೇನು ಕಾಲು ಬಂದವೇ? ನಿಮಿಷ ನಿಮಿಷದ ಲೆಕ್ಕ ನೋಡಿ, ಗೀಳು ಸ್ವಭಾವ, ವಾಹನ ಚಲಾಯಿಸಲು ಅನರ್ಹ ಎಂದು ಷರಾ ಬರೆದು ಅವರನ್ನು ಟಯರ್ ಗೋದಾಮಿಗೆ ಹಾಕಿದಿರಿ. ಒಂದು ಸೈಕಲ್ಲಿಗೂ ಬಸ್ಸು ತಾಗಿಸದ ಮನುಷ್ಯ ಈಗ ಕಿಟಕಿಯಿಲ್ಲದ ಕೋಣೆಯಲ್ಲಿ ಸವೆದ ಟಯರುಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತಾರೆ. ಮೊನ್ನೆ ಊಟದ ಬಿಡುವಿನಲ್ಲಿ ನೋಡಲು ಹೋದೆ. ಬೈದರೆ ಬೈಸಿಕೊಳ್ಳೋಣ ಎಂದುಕೊಂಡೇ ಹೋಗಿದ್ದೆ.

"ನಾನು ಸುಳ್ಳೇನೂ ಬರೀಲಿಲ್ಲ ಅಲ್ವೇನಮ್ಮ?" ಎಂದು ಕೇಳಿದರು.

ಸುಳ್ಳು ಬರೆದವರು ಅವರಲ್ಲ, ಸ್ವಾಮೀ. ಆ ದಾರಿಗೆ ನಲವತ್ತು ನಿಮಿಷ ಎಂದು ಬರೆದವರು ತಾವು. ಬರೆದಾಗ ಎರಡು ಸಿಗ್ನಲ್ ಇದ್ದವು, ಈಗ ಒಂಬತ್ತಿವೆ. ಐವತ್ತೈದು ನಿಮಿಷಕ್ಕಿಂತ ಮೊದಲು ಯಾವ ಬಸ್ಸೂ ಮುಟ್ಟುವುದಿಲ್ಲ. ತಡವಾದರೆ ಟ್ರಿಪ್ ಶೀಟಿನಲ್ಲಿ ಕೆಂಪು ಗೆರೆ, ಮೂರು ಗೆರೆಗೆ ನೋಟಿಸು, ನೋಟಿಸು ಕಂಡರೆ ಎದೆಬಡಿತ, ಎದೆಬಡಿತಕ್ಕೆ ತಮ್ಮ ಶಿಬಿರ. ಇಷ್ಟರಲ್ಲಿ ಗೀಳು ಹಿಡಿದಿರುವುದು ಯಾರಿಗೆ?

ನನ್ನ ಬೇಡಿಕೆ ಸಣ್ಣದು. ಸೋಮವಾರ ಸ್ಟೇರಿಂಗ್ ಮತ್ತೆ ಅಣ್ಣನ ಕೈಗೆ ಬರಬೇಕು. ಅದೇ ದಿನ ಎಂಟು ಗಂಟೆಯ ಬಸ್ಸಿನ ಮೊದಲ ಸೀಟಿನಲ್ಲಿ ತಾವು ಕೂರಬೇಕು. ಹತ್ತುವ ಮೊದಲು ನನ್ನ ಕಣ್ಣೆದುರೇ ಒಂದು ಬಾಟಲಿ ನೀರು ಕುಡಿಯಬೇಕು, ತಳದ ಹನಿಯವರೆಗೆ. ಹೋಗಿ, ಇಳಿಯದೆ, ಅದೇ ಬಸ್ಸಿನಲ್ಲಿ ವಾಪಸು ಬರಬೇಕು. ಆಸ್ಪತ್ರೆ ತಿರುವಿನ ಹೊತ್ತಿಗೆ ನಿಲ್ಲಿಸಮ್ಮಾ ಎಂದು ತಾವು ಕೇಳಿಯೇ ಕೇಳುತ್ತೀರಿ. ಸೀಟಿ ನನ್ನ ಬಾಯಲ್ಲೇ ಇರುತ್ತದೆ. ಊದುವುದಿಲ್ಲ. ಮೂಗು ಹಿಡಿದು ನಿಧಾನವಾಗಿ ಉಸಿರಾಡಿ ಎನ್ನುತ್ತೇನೆ.

ಇದು ಸೇಡು ಎನ್ನುವಿರಾದರೆ, ಹೌದು, ಸೇಡೇ. ಇಳಿಯುವಾಗ ತಮಗೂ ಒಂದು ಹಾಳೆ ಕೊಡುತ್ತೇನೆ, ಅದೇ ಪೆನ್ಸಿಲಿನ ಜೊತೆ. ಮನಸ್ಸು ಬಿಚ್ಚಿ ಬರೆಯಿರಿ. ಅದು ಯಾರ ಕೈಗೂ ಹೋಗುವುದಿಲ್ಲ. ಬಸ್ಸಿನ ಹಿಂದಿನ ಗಾಜಿಗೆ ಅಂಟಿಸಿರುತ್ತೇನೆ.

ಇಂತಿ,
ತಮ್ಮ ಮಾತು ನಂಬಿ ಪೆನ್ಸಿಲು ಕೊಟ್ಟ ದಡ್ಡಿ,
ಎಂಟು ಗಂಟೆಯ ಬಸ್ಸಿನ ಕಂಡಕ್ಟರ್